ಮತ್ತೊಮ್ಮೆ ಚಟ್ನಿ ಕೇಳಬಹುದಾದ ಜಾಗ: ಶ್ರೀನಗರದ ಒಂದು ದರ್ಶಿನಿ

ಮೊದಲೇ ಹೇಳಿಬಿಡುತ್ತೇನೆ, ಈ ಹೋಟೆಲಿನ ಹೆಸರು ಬರೆಯುವುದಿಲ್ಲ. ಬೆಂಗಳೂರಿನ ಶ್ರೀನಗರ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿದೆ, ಅಷ್ಟು ಸಾಕು. ಅಲ್ಲಿ ನನ್ನನ್ನು ಯಾರೂ ಗುರುತಿಟ್ಟುಕೊಂಡಿಲ್ಲ. ಅದು ಹಾಗೇ ಇರಲಿ ಅಂತ ನನ್ನಾಸೆ. ಆದರೆ ಬರೆಯದೇ ಸುಮ್ಮನಿರುವುದಕ್ಕೂ ಮನಸ್ಸು ಒಪ್ಪುತ್ತಿಲ್ಲ. ಹೋಟೆಲಿನ ಬಾಗಿಲವರೆಗೆ ಹೋಗಿ ಹಸಿದ ಹೊಟ್ಟೆಯಲ್ಲೇ ವಾಪಸ್ ಬರುವವರು ನನ್ನ ಹಾಗೆ ಇನ್ನೂ ಇದ್ದಾರೆ. ಇಡ್ಲಿ ಮೆತ್ತಗಿದೆಯಾ ಅನ್ನುವುದರ ಜೊತೆಗೆ ಅವರಿಗೆ ಬೇರೆ ಕೆಲವು ವಿಷಯಗಳೂ ಗೊತ್ತಾಗಬೇಕು. ಎಲ್ಲಿ ನಿಂತುಕೊಳ್ಳಬಹುದು, ಎಷ್ಟು ಮಾತಾಡಬೇಕಾಗುತ್ತದೆ, ಕೈ ನಡುಗಿದರೆ ಯಾರಿಗೆ ಕಾಣುತ್ತದೆ. ನಾನು ಹುಡುಕಿದ ಯಾವ ರಿವ್ಯೂನಲ್ಲೂ ಇದು ಸಿಗಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಮೊದಲು ಜಾಗದ ವಿಷಯ. ಇದು ನಿಂತು ತಿನ್ನುವ ಹೋಟೆಲ್. ರಸ್ತೆ ಕಡೆ ಪೂರ್ತಿ ತೆರೆದಿದೆ. ಬಾಗಿಲು ಅನ್ನುವುದೇ ಇಲ್ಲ, ಮೇಲಕ್ಕೆ ಎತ್ತುವ ಷಟರ್ ಅಷ್ಟೇ. ನನಗೆ ಇದು ದೊಡ್ಡ ವಿಷಯ. ಬಾಗಿಲು ತಳ್ಳಿಕೊಂಡು ಒಳಗೆ ಹೋದರೆ ಕೂತವರೆಲ್ಲ ಒಮ್ಮೆ ತಲೆ ಎತ್ತಿ ನೋಡುತ್ತಾರೆ. ಇಲ್ಲಿ ಫುಟ್‌ಪಾತಿನಿಂದ ಒಂದು ಮೆಟ್ಟಿಲು ಹತ್ತಿದರೆ ಒಳಗೆ, ಇಳಿದರೆ ಹೊರಗೆ. ಬಂದಿದ್ದೂ ಹೋಗಿದ್ದೂ ಯಾರ ಗಮನಕ್ಕೂ ಬರುವುದಿಲ್ಲ. ಎಡಕ್ಕೆ ಕ್ಯಾಶ್ ಕೌಂಟರ್. ಎದುರಿಗೆ ತಿಂಡಿ ಕೌಂಟರ್, ಅದರ ಬಲಕ್ಕೆ ದೋಸೆ ಕಲ್ಲು, ಮೂಲೆಯಲ್ಲಿ ಕಾಫಿ. ಎದೆಮಟ್ಟದ ದುಂಡನೆ ಸ್ಟೀಲ್ ಟೇಬಲ್ ಆರು. ಗೋಡೆಗುಂಟ ಉದ್ದನೆಯ ಗ್ರಾನೈಟ್ ಹಲಗೆ ಒಂದು. ಆ ಹಲಗೆಯ ಕೊನೆ, ಕುಡಿಯುವ ನೀರಿನ ಪಕ್ಕ, ಬಹಳ ದಿನ ನನ್ನ ಜಾಗವಾಗಿತ್ತು.

ಈ ಥರದ ಹೋಟೆಲ್ ಶುರುವಾಗಿದ್ದು 1983ರಲ್ಲಿ, ಜಯನಗರದ ಕೆಫೆ ದರ್ಶಿನಿಯಿಂದ. ಆರ್. ಪ್ರಭಾಕರ್ ಅವರ ಯೋಚನೆ ಅದು. ಕಡಿಮೆ ಜಾಗ, ಕಡಿಮೆ ರೇಟು, ಅಡುಗೆ ಕಣ್ಣೆದುರಿಗೇ, ನಮ್ಮ ತಟ್ಟೆ ನಾವೇ ತಂದುಕೊಳ್ಳುವುದು. ಆತುರದಲ್ಲಿ ಇರುವವರಿಗೆ ಅಂತ ಹುಟ್ಟಿದ ಪದ್ಧತಿ. ಅದರಿಂದ ನನ್ನಂಥವರಿಗೆ ಎಷ್ಟು ಉಪಕಾರವಾಗಿದೆ ಅಂತ ಯಾರಾದರೂ ಅವರಿಗೆ ಹೇಳಿದ್ದಾರೋ ಇಲ್ಲವೋ. ಕೂತು ತಿನ್ನುವ ಹೋಟೆಲಿನಲ್ಲಿ ಸಪ್ಲೈಯರ್ ಬಂದು ತಲೆಯ ಹತ್ತಿರ ನಿಲ್ಲುತ್ತಾರೆ. ಏನೇನಿದೆ ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಎದುರು ಸೀಟಿನಲ್ಲಿ ಗೊತ್ತಿಲ್ಲದವರು ಬಂದು ಕೂರುತ್ತಾರೆ. ಕೊನೆಗೆ ಬಿಲ್ಲಿಗೆ ಕೂಗಬೇಕು. ಒಂದು ಹೋಟೆಲಿನಲ್ಲಿ ಸಪ್ಲೈಯರನ್ನು ಕರೆಯಲಾಗದೆ ನಲವತ್ತು ನಿಮಿಷ ಖಾಲಿ ತಟ್ಟೆ ಮುಂದೆ ಕೂತಿದ್ದೇನೆ. ಆಮೇಲೆ ಒಬ್ಬರು ಬಂದು, ಊಟ ಆಗಿದ್ದರೆ ಏಳಿ ಮೇಡಂ, ಜನ ಕಾಯ್ತಿದಾರೆ ಅಂದರು. ಆ ರಸ್ತೆಗೆ ನಾನು ಎರಡು ವರ್ಷ ಹೋಗಲಿಲ್ಲ.

ಇಲ್ಲಿ ಮೊದಲೇ ದುಡ್ಡು ಕೊಡುತ್ತೀರಿ. ತಿಂದಾದ ಮೇಲೆ ಯಾರಿಗೂ ಏನೂ ಹೇಳದೆ ಹೊರಟುಬಿಡಬಹುದು. ಆ ಒಂದು ನೆಮ್ಮದಿಗೇ ನಾನು ಮೊದಲು ಈ ಮೆಟ್ಟಿಲು ಹತ್ತಿದ್ದು.

ಕ್ಯಾಶಿನಲ್ಲಿ ಕೂರುವ ಯಜಮಾನರಿಗೆ ಅರವತ್ತರ ಮೇಲಿರಬಹುದು. ಕನ್ನಡಕ ಮೂಗಿನ ತುದಿಯಲ್ಲಿ. ತಲೆ ಎತ್ತುವುದಿಲ್ಲ. 'ಹೇಳಿ' ಅನ್ನುತ್ತಾರೆ, ಬೆರಳು ಆಗಲೇ ಮೆಷಿನ್ ಮೇಲೆ ಇರುತ್ತದೆ. 'ಇಡ್ಲಿ ವಡೆ, ಕಾಫಿ' ಅಂದರೆ ಮುಗಿಯಿತು. ಮೂರು ಪದ. ಚಿಲ್ಲರೆ ತಾಪತ್ರಯ ಈಗ ಇಲ್ಲ. ಸ್ಕ್ಯಾನ್ ಮಾಡಿದರೆ ಸ್ಪೀಕರೇ ಇಷ್ಟು ರೂಪಾಯಿ ಬಂತು ಅಂತ ಕನ್ನಡದಲ್ಲಿ ಕೂಗುತ್ತದೆ. ಫೋನ್ ತೋರಿಸಿ 'ಆಯ್ತು ಸಾರ್, ನೋಡಿ' ಅಂತ ಇನ್ನೊಂದು ಮಾತು ಆಡುವುದು ತಪ್ಪಿತು. ಮೊದಲ ಕೆಲವು ದಿನ ಆ ಸ್ಪೀಕರಿನ ಸದ್ದಿಗೇ ಬೆಚ್ಚುತ್ತಿದ್ದೆ. ನಾನು ಕೊಟ್ಟ ದುಡ್ಡನ್ನು ಊರಿಗೆಲ್ಲ ಸಾರಿದ ಹಾಗೆ ಅನ್ನಿಸುತ್ತಿತ್ತು. ನಿಮಿಷಕ್ಕೆ ನಾಲ್ಕು ಸಲ ಅದು ಕೂಗುತ್ತದೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಅನ್ನುವುದು ನಿಧಾನವಾಗಿ ಅರ್ಥವಾಯಿತು.

ಕಷ್ಟ ಇದ್ದದ್ದು ತಿಂಡಿ ಕೌಂಟರಿನಲ್ಲಿ. ಟೋಕನ್ ಇಟ್ಟ ತಕ್ಷಣ ಆ ಹುಡುಗ ಕೇಳುತ್ತಾನೆ, 'ಡಿಪ್ಪಾ, ಸೆಪರೇಟಾ?' ನಾನು ಮನೆಯಿಂದ ಹೊರಡುವಾಗಲೇ 'ಇಡ್ಲಿ ವಡೆ, ಕಾಫಿ' ಅಂತ ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು ಬಂದಿರುತ್ತಿದ್ದೆ. ಈ ಪ್ರಶ್ನೆ ಅದರಲ್ಲಿ ಇರಲಿಲ್ಲ. ಮೊದಲ ಸಲ ಸುಮ್ನೆ ತಲೆ ಆಡಿಸಿದೆ. ಅವನು ಸಾಂಬಾರ್ ಸುರಿದುಬಿಟ್ಟ. ನನಗೆ ಸಾಂಬಾರ್ ಬೇರೆ ಬಟ್ಟಲಿನಲ್ಲಿ ಇರಬೇಕು, ಇಡ್ಲಿಯನ್ನು ಚಟ್ನಿಯಲ್ಲಿ ಅದ್ದಿ ತಿನ್ನಬೇಕು. ಆದರೂ ಮೂರು ವಾರ ನೆನೆದ ಇಡ್ಲಿಯನ್ನೇ ತಿಂದೆ. 'ಸೆಪರೇಟ್' ಅನ್ನುವ ಒಂದು ಪದ ಬಾಯಿಂದ ಹೊರಗೆ ಬರಲಿಲ್ಲ.

ನನ್ನ ಈ ತೊಂದರೆಗೆ ಸೋಷಿಯಲ್ ಆಂಗ್ಸೈಟಿ ಡಿಸಾರ್ಡರ್ ಅಂತ ಹೆಸರು. ಕನ್ನಡದಲ್ಲಿ ಸಾಮಾಜಿಕ ಆತಂಕ ಅನ್ನುತ್ತಾರೆ. ಇದು ನಾಚಿಕೆ ಅಲ್ಲ. ನಾಚಿಕೆ ಇರುವವರು ಸ್ವಲ್ಪ ಹೊತ್ತಿಗೆ ಹೊಂದಿಕೊಳ್ಳುತ್ತಾರೆ. ನನಗೆ ನಾಲ್ಕು ಜನ ನೋಡುತ್ತಿದ್ದಾರೆ ಅನ್ನಿಸಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ, ಕಿವಿ ಬಿಸಿಯಾಗುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ಮನೆಗೆ ಬಂದ ಮೇಲೂ ಬಿಡುವುದಿಲ್ಲ. ಹಾಗೆ ಯಾಕೆ ಅಂದೆ, ಅವರು ಏನು ಅಂದುಕೊಂಡರೋ ಅಂತ ರಾತ್ರಿಯೆಲ್ಲ ಅದೇ ಗುಂಗು.

ಶುರುವಾಗಿದ್ದು ಎಂಟನೇ ಕ್ಲಾಸಿನಲ್ಲಿ. ಅರಕಲಗೂಡು ಕಡೆ ನಮ್ಮೂರು. ಎದ್ದು ನಿಂತು ಪದ್ಯ ಓದುವಾಗ ಮೂರನೇ ಸಾಲಿಗೆ ದನಿ ಗಂಟಲಲ್ಲೇ ನಿಂತಿತು. ಪುಸ್ತಕ ಹಿಡಿದ ಕೈ ಅಲುಗಾಡುವುದು ಎಲ್ಲರಿಗೂ ಕಂಡಿತು. ಹಿಂದಿನ ಬೆಂಚಿನವರು ನಕ್ಕರು. ಅಷ್ಟೇ ಆಗಿದ್ದು. ಅಲ್ಲಿಂದ ಮುಂದೆ ಹದಿನೇಳು ವರ್ಷ ನಾನು ಯಾರ ಮುಂದೆಯೂ ಏನನ್ನೂ ಜೋರಾಗಿ ಓದಲಿಲ್ಲ. ಮದುವೆ ಮನೆಗಳಲ್ಲಿ ಕೊನೇ ಪಂಕ್ತಿಗೆ ಕಾಯುತ್ತಿದ್ದೆ. ಬ್ಯಾಂಕಿನಲ್ಲಿ ಎಲ್ಲರೆದುರು ಸಹಿ ಮಾಡಬೇಕಾದರೆ ಸಹಿಯೇ ಬೇರೆಯಾಗಿಬಿಡುತ್ತಿತ್ತು. ಈ ತೊಂದರೆ ಬಹಳ ಜನಕ್ಕೆ ಆ ವಯಸ್ಸಿನ ಆಸುಪಾಸಿನಲ್ಲೇ ಶುರುವಾಗುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು. ಆದರೆ ಮನೆಯವರಿಗೆ ಅದು ಕಾಯಿಲೆಯಾಗಿ ಕಾಣುವುದಿಲ್ಲ, ಸ್ವಭಾವವಾಗಿ ಕಾಣುತ್ತದೆ. ನಮ್ಮಮ್ಮ ನೆಂಟರ ಮುಂದೆ 'ನಮ್ಮ ಹುಡುಗಿ ಮಾತು ಕಮ್ಮಿ, ತಲೆ ಎತ್ತಿ ನೋಡೋಳಲ್ಲ' ಅಂತ ಹೆಮ್ಮೆಯಿಂದ ಹೇಳುತ್ತಿದ್ದಳು. ಹೆಣ್ಣುಮಕ್ಕಳಲ್ಲಿ ಇದನ್ನು ಒಳ್ಳೇ ಗುಣ ಅಂತ ಲೆಕ್ಕ ಹಾಕಿಬಿಡುತ್ತಾರಲ್ಲ, ಅದರಿಂದ ಎಷ್ಟು ಜನ ಹುಡುಗಿಯರಿಗೆ ಸಹಾಯ ತಡವಾಗುತ್ತದೋ ಅಂತ ನನಗೆ ನಿಜವಾಗಿ ಸಂಕಟವಾಗುತ್ತದೆ.

ನಾನು ಸಹಾಯ ಕೇಳಿದ್ದು 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಫೋನ್ ಅಂದರೇ ಹೆದರುವವಳು ನಾನು. ಎರಡು ಸಲ ಡಯಲ್ ಮಾಡಿ ಕಟ್ ಮಾಡಿದೆ. ಮೂರನೇ ಸಲ ಆ ಕಡೆಯಿಂದ ಒಬ್ಬರು ಹೆಂಗಸು 'ಹೇಳಿ, ಕೇಳಿಸ್ಕೊತಿದೀನಿ' ಅಂದರು. ನನ್ನಿಂದ ಮಾತು ಬರಲಿಲ್ಲ. ಅವರೂ ಸುಮ್ಮನೆ ಕಾದರು. ಆಮೇಲೆ 'ಪರವಾಗಿಲ್ಲಮ್ಮ, ಟೈಮ್ ತೊಗೊಳ್ಳಿ' ಅಂದರು. ಆ ಮಾತಿಗೆ ಅಳು ಬಂತು. ಡಾಕ್ಟರ ಹತ್ತಿರ ಹೋಗಲು ಹೇಳಿದವರು ಅವರೇ. ಊರ ಕಡೆ ಇರುವವರಿಗೆ ಇನ್ನೊಂದು ಮಾತು: ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ. ವಿಚಾರಿಸುವುದೇ ಕಷ್ಟ ಅಂದರೆ ಮನೆಯವರೊಬ್ಬರನ್ನು ಕಳಿಸಿ ಕೇಳಿಸಿ.

ಆಸ್ಪತ್ರೆಯಲ್ಲಿ ಒಂದು ಫಾರಂ ತುಂಬಿಸಿದರು. ಮೈಕೆಲ್ ಲೀಬೋವಿಟ್ಜ್ ಅನ್ನುವ ಡಾಕ್ಟರು 1987ರಲ್ಲಿ ಮಾಡಿದ್ದಂತೆ. 24 ಸಂದರ್ಭಗಳ ಪಟ್ಟಿ ಅದು. ಪ್ರತಿಯೊಂದಕ್ಕೂ ಎಷ್ಟು ಭಯ, ಎಷ್ಟು ತಪ್ಪಿಸಿಕೊಳ್ಳುತ್ತೀರಿ ಅಂತ ಸೊನ್ನೆಯಿಂದ ಮೂರರವರೆಗೆ ನಂಬರ್ ಕೊಡಬೇಕು. ನಾಲ್ಕು ಜನ ಇರುವ ಕಡೆ ಫೋನ್ ಮಾಡುವುದು. ಹೊರಗೆ ಎಲ್ಲರ ಮುಂದೆ ತಿನ್ನುವುದು. ಬೇರೆಯವರ ಜೊತೆ ಕುಡಿಯುವುದು. ಯಾರಾದರೂ ನೋಡುತ್ತಿರುವಾಗ ಬರೆಯುವುದು. ತೊಗೊಂಡ ಸಾಮಾನನ್ನು ಅಂಗಡಿಗೆ ವಾಪಸ್ ಕೊಡುವುದು. ಓದುತ್ತಾ ಹೋದ ಹಾಗೆ ಮೈ ಜುಮ್ ಅಂತು. ನನ್ನ ದಿನಚರಿಯನ್ನು ನಾನು ಹುಟ್ಟುವ ಮೊದಲೇ ಯಾರೋ ಬರೆದಿಟ್ಟಿದ್ದರು. ಇಷ್ಟು ವರ್ಷ ಇದು ನನ್ನೊಬ್ಬಳದೇ ಅಂದುಕೊಂಡಿದ್ದೆ.

ಮಾತ್ರೆ ಕೊಟ್ಟರು, ಎಸ್‌ಎಸ್‌ಆರ್‌ಐ ಅನ್ನುವ ಗುಂಪಿನದು, ಆತಂಕಕ್ಕೂ ಖಿನ್ನತೆಗೂ ಕೊಡುವಂಥದ್ದು. ಇವತ್ತು ನುಂಗಿದರೆ ನಾಳೆ ಗುಣ ಕಾಣುವುದಿಲ್ಲ, ಕೆಲವು ವಾರ ಬೇಕು, ಕೇಳದೆ ನಿಲ್ಲಿಸಬೇಡಿ ಅಂದರು. ಜೊತೆಗೆ ಸೈಕಾಲಜಿಸ್ಟ್ ಮೇಡಂ ಹತ್ತಿರ ಸಿಬಿಟಿ ಅನ್ನುವ ಚಿಕಿತ್ಸೆ, ಭಯದ ಯೋಚನೆಗಳನ್ನೂ ಅದರಿಂದ ಬಂದ ಅಭ್ಯಾಸಗಳನ್ನೂ ಮಾತಾಡಿ, ಮಾಡಿ ನೋಡಿ ಬದಲಿಸುವುದು. ಈ ಹೋಟೆಲ್ ನನ್ನ ಕಥೆಗೆ ಬರುವುದು ಅಲ್ಲಿಂದ. ಮೇಡಂ ಒಂದು ಏಣಿ ಬರೆಸಿದರು. ಕೆಳಗಿನ ಮೆಟ್ಟಿಲಲ್ಲಿ ಸುಲಭದ್ದು, ಮೇಲೆ ಹೋದ ಹಾಗೆ ಕಷ್ಟದ್ದು. ದಿನಾ ಹೋಗಬಹುದಾದ ಒಂದು ಜಾಗ ಆರಿಸಿಕೊಳ್ಳಿ ಅಂದರು. ನಾನು ಈ ದರ್ಶಿನಿ ಅಂದೆ. ಮೊದಲ ಮೆಟ್ಟಿಲು 'ಸೆಪರೇಟ್' ಅನ್ನುವುದು. ಕೊನೆಯದು, ಎಲ್ಲರೆದುರು ಇನ್ನೊಂದು ಸಲ ಚಟ್ನಿ ಕೇಳುವುದು. ನಡುವೆ ಇನ್ನೂ ಏಳು ಇದ್ದವು.

ಈಗ ತಿಂಡಿಯ ವಿಷಯಕ್ಕೆ ಬರುತ್ತೇನೆ, ರಿವ್ಯೂ ಓದಲು ಬಂದವರಿಗೆ ಅದೂ ಬೇಕಲ್ವಾ. ಇಡ್ಲಿ ಚೆನ್ನಾಗಿದೆ. ಬೆರಳಲ್ಲಿ ಒತ್ತಿದರೆ ತಗ್ಗಾಗಿ ಮತ್ತೆ ಎದ್ದುಕೊಳ್ಳುತ್ತದೆ, ಅಂಟುವುದಿಲ್ಲ. ವಡೆಗೆ ಎಂಟೂವರೆಯ ಒಳಗೆ ಹೋಗಬೇಕು, ಆಮೇಲಿನದು ತಣ್ಣಗಾಗಿ ಎಣ್ಣೆ ಹಿಡಿದಿರುತ್ತದೆ. ಸಾಂಬಾರಿಗೆ ಬೆಲ್ಲ ಸ್ವಲ್ಪ ಮುಂದು, ಹಾಸನದ ಕಡೆಯವಳಾದ ನನಗೆ ಅದು ಇನ್ನೂ ಒಗ್ಗಿಲ್ಲ. ಖಾರಾಬಾತ್ ಪರವಾಗಿಲ್ಲ. ಕೇಸರಿಬಾತಿಗೆ ಬಣ್ಣ ಜಾಸ್ತಿ. ಚಟ್ನಿ ಮಾತ್ರ ಎಲ್ಲಕ್ಕಿಂತ ಮೇಲೆ. ಹುರಿಗಡಲೆ ಕಮ್ಮಿ, ಕಾಯಿ ಜಾಸ್ತಿ, ಹಸಿಮೆಣಸಿನಕಾಯಿ ಖಾರ ಗಂಟಲಿಗೆ ತಾಗುವಷ್ಟು, ಕೊತ್ತಂಬರಿ ಸೊಪ್ಪಿನ ವಾಸನೆ. ಕೊಡುವುದು ಒಂದೇ ಸೌಟು. ಎರಡನೇ ಇಡ್ಲಿಗೆ ಬರುವ ಹೊತ್ತಿಗೆ ಮುಗಿದಿರುತ್ತದೆ. ಹೋಗಿ ಕೇಳಿದರೆ ಹಾಕುತ್ತಾರೆ, ಅದಕ್ಕೆ ದುಡ್ಡಿಲ್ಲ. ಎಲ್ಲರೂ ತಟ್ಟೆ ಹಿಡಿದುಕೊಂಡು ಹೋಗಿ ಹಾಕಿಸಿಕೊಳ್ಳುತ್ತಾರೆ. ನಾನು ಹನ್ನೊಂದು ತಿಂಗಳು ಎರಡನೇ ಇಡ್ಲಿಯನ್ನು ಬರೀ ಸಾಂಬಾರಿನಲ್ಲಿ ತಿಂದೆ.

ಮಸಾಲೆ ದೋಸೆಯ ಬಗ್ಗೆ ಎಚ್ಚರಿಕೆ ಹೇಳಬೇಕು. ರುಚಿಯ ಬಗ್ಗೆ ಅಲ್ಲ. ಅಂಚು ಗರಿಗರಿ, ನಡುವೆ ಮೆತ್ತಗೆ, ಒಳಗೆ ಕೆಂಪು ಚಟ್ನಿ ಧಾರಾಳ. ತೊಂದರೆ ಇರುವುದು ಅದನ್ನು ಪಡೆಯುವುದರಲ್ಲಿ. ದೋಸೆ ಭಟ್ಟರು ಒಂದೇ ಸಲಕ್ಕೆ ಎಂಟು ಹುಯ್ಯುತ್ತಾರೆ. ಆದ ಮೇಲೆ ತಟ್ಟೆಗೆ ಹಾಕಿ 'ಮಸಾಲೆ ಯಾರ್ದು?' ಅಂತ ಕೂಗುತ್ತಾರೆ. ಆಗ 'ನಂದು' ಅಂತ ಕೈ ಚಾಚಬೇಕು. ಮೊದಲ ಸಲ ನಾನು ಟೋಕನ್ ಕೊಟ್ಟು ಪಕ್ಕದಲ್ಲಿ ನಿಂತೆ. ಮೂರು ಸುತ್ತು ದೋಸೆ ಬಂತು. ಮೂರು ಸುತ್ತಿನಲ್ಲೂ ನನ್ನ ಬಾಯಿ ತೆರೆಯುವ ಹೊತ್ತಿಗೆ ಇನ್ಯಾರದೋ ಕೈ ಮುಂದೆ ಬಂದಿತ್ತು. ಎಪ್ಪತ್ತು ರೂಪಾಯಿ ಬಿಟ್ಟು ಮೆಟ್ಟಿಲಿಳಿದು ಆಫೀಸಿಗೆ ಹೋದೆ. ಮಧ್ಯಾಹ್ನದವರೆಗೆ ಏನೂ ತಿನ್ನಲಿಲ್ಲ. ಹೋಟೆಲಿನವರದು ಇದರಲ್ಲಿ ತಪ್ಪಿಲ್ಲ, ಅಷ್ಟು ಗದ್ದಲದಲ್ಲಿ ಅವರು ಇನ್ನೇನು ಮಾಡುತ್ತಾರೆ. ಆದರೂ ಟೋಕನ್ನಿಗೆ ಒಂದು ನಂಬರ್ ಇದ್ದು, ಆ ನಂಬರ್ ಬೋರ್ಡಿನ ಮೇಲೆ ಬಂದರೆ ನನ್ನಂಥವರಿಗೆ ಬಹಳ ಸುಲಭವಾಗುತ್ತದೆ. ಕಿವಿ ಕೇಳಿಸದವರಿಗೂ ಅನುಕೂಲ. ಇಷ್ಟು ಮಾತ್ರ ಅವರಲ್ಲಿ ನನ್ನ ಬೇಡಿಕೆ.

ಕಾಫಿ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಡಿಕಾಕ್ಷನ್ ಗಟ್ಟಿ, ಚಿಕೋರಿ ಹಿತವಾಗಿದೆ, ಹಾಲು ಚೆನ್ನಾಗಿ ಕಾದಿರುತ್ತದೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ನಾಲ್ಕು ರೂಪಾಯಿ ಏರಿದ ಮೇಲೆ ಇಲ್ಲೂ ರೇಟು ಏರಿತು, ಲೋಟದ ಅಳತೆ ಇಳಿಯಲಿಲ್ಲ. ಅಂಚಿನವರೆಗೆ ತುಂಬಿಸಿ ಮೇಲೆ ನೊರೆ ಬಿಟ್ಟು ಕೊಡುತ್ತಾರೆ. ಬೇರೆಯವರಿಗೆ ಇದು ಧಾರಾಳತನ. ಕೈ ನಡುಗುವವರಿಗೆ ಇದಕ್ಕಿಂತ ಹೆದರಿಕೆ ಇನ್ನೊಂದಿಲ್ಲ. ಕೌಂಟರಿನಿಂದ ನನ್ನ ಹಲಗೆಗೆ ಎಂಟು ಹೆಜ್ಜೆ. ಎರಡೂ ಕೈಯಲ್ಲಿ ದುಪಟ್ಟಾ ಸುತ್ತಿ ಲೋಟ ಹಿಡಿದು, ಗೋಡೆಗೆ ಮುಖ ಮಾಡಿ, ಮೊದಲ ಗುಟುಕನ್ನು ಬಗ್ಗಿ ಕುಡಿಯುತ್ತಿದ್ದೆ. ಎಷ್ಟೋ ಸಲ ಕೌಂಟರಿನಲ್ಲೇ ನಾಲಿಗೆ ಸುಟ್ಟುಕೊಂಡು ಅರ್ಧ ಕುಡಿದು, ಉಳಿದ ಅರ್ಧದ ಜೊತೆ ನಡೆಯುತ್ತಿದ್ದೆ.

ಮೇಡಂ ಇದನ್ನೆಲ್ಲ ಕೇಳಿ ಬರೆದುಕೊಂಡರು. 1995ರಲ್ಲಿ ಡೇವಿಡ್ ಕ್ಲಾರ್ಕ್, ಏಡ್ರಿಯನ್ ವೆಲ್ಸ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಇದರ ಒಳಗುಟ್ಟನ್ನು ಬಿಡಿಸಿ ಹೇಳಿದ್ದಾರೆ ಅಂದರು. ಭಯವಾದಾಗ ನಮ್ಮ ಗಮನ ಪೂರ್ತಿ ನಮ್ಮ ಮೇಲೇ ತಿರುಗುತ್ತದೆ. ನನ್ನ ಕೈ, ನನ್ನ ದನಿ, ನನ್ನ ಮುಖ. ಒಳಗೆ ಎಷ್ಟು ನಡುಕ ಅನ್ನಿಸುತ್ತದೋ ಹೊರಗೂ ಅಷ್ಟೇ ಕಾಣುತ್ತಿದೆ ಅಂತ ನಂಬಿಬಿಡುತ್ತೇವೆ. ಬಚಾವಾಗಲು ದುಪಟ್ಟಾ ಸುತ್ತುತ್ತೇವೆ, ಗೋಡೆ ಕಡೆ ತಿರುಗುತ್ತೇವೆ. ಏನೂ ಆಗದಿದ್ದರೆ, ದುಪಟ್ಟಾ ಇತ್ತು, ಅದಕ್ಕೇ ಉಳಿದೆ ಅಂದುಕೊಳ್ಳುತ್ತೇವೆ. ಭಯ ಇದ್ದಲ್ಲೇ ಇರುತ್ತದೆ. ನನಗೆ ಇದು ತಕ್ಷಣ ತಟ್ಟಿತು. ಆಮೇಲೆ ಅವರು ಕೊಟ್ಟ ಕೆಲಸ ಕೇಳಿ ಎದೆ ಝಲ್ ಅಂತು. ಬೇಕಂತಲೇ ಕಾಫಿ ಚೆಲ್ಲಿ, ಯಾರು ನೋಡುತ್ತಾರೆ ಎಣಿಸಿಕೊಂಡು ಬನ್ನಿ ಅಂದರು. ಹೋಗುವ ಮೊದಲು, ಏನಾಗುತ್ತದೆ ಅಂತ ನಿಮಗೆ ಅನ್ನಿಸುತ್ತದೋ ಅದನ್ನು ಬರೆದಿಡಿ ಅಂದರು. 'ಎಲ್ಲರೂ ತಿರುಗಿ ನೋಡುತ್ತಾರೆ, ಒಬ್ಬರಾದರೂ ಬೈಯುತ್ತಾರೆ' ಅಂತ ಬರೆದೆ. ಎಷ್ಟು ಖಾತ್ರಿ ಅಂದಾಗ ನೂರಕ್ಕೆ ತೊಂಬತ್ತು ಅಂದೆ.

ಒಂದು ಗುರುವಾರ, ಒಂಬತ್ತೂ ಹತ್ತರ ಹೊತ್ತು. ನಾನು ಗೋಡೆ ಬಿಟ್ಟು ನಡುವಿನ ದುಂಡು ಟೇಬಲ್ಲಿಗೆ ಬಂದೆ. ಒಂದೇ ಕೈಯಲ್ಲಿ ಲೋಟ. ಸುತ್ತ ಹನ್ನೊಂದು ಜನ, ಎಣಿಸಿಕೊಂಡಿದ್ದೆ. ಲೋಟ ಓರೆ ಮಾಡಿದೆ. ಕಾಫಿ ಸ್ಟೀಲಿನ ಮೇಲೆ ಹರಿದು, ಅಂಚಿಗೆ ಬಂದು, ತೊಟತೊಟ ಅಂತ ನೆಲಕ್ಕೆ ಬೀಳತೊಡಗಿತು. ಆ ಸದ್ದು ನನಗೆ ಗುಡುಗಿನ ಹಾಗೆ ಕೇಳಿಸಿತು. ತಲೆ ಎತ್ತಿ ನೋಡಬೇಕು ಅನ್ನುವುದು ಮೇಡಂ ಹಾಕಿದ ಷರತ್ತು. ಎತ್ತಿದೆ. ನನ್ನ ಟೇಬಲ್ಲಿನಲ್ಲೇ ಇದ್ದ ಒಬ್ಬರು ತಮ್ಮ ಲಂಚ್ ಬ್ಯಾಗನ್ನು ಎತ್ತಿ ಭುಜಕ್ಕೆ ಹಾಕಿಕೊಂಡು ದೋಸೆ ಮುರಿಯುವುದನ್ನು ಮುಂದುವರಿಸಿದರು. ಒಂದು ಮಗು ನೋಡಿತು. ಉಳಿದ ಒಂಬತ್ತು ಜನ ಅವರವರ ತಟ್ಟೆಯಲ್ಲಿ, ಫೋನಿನಲ್ಲಿ ಇದ್ದರು. ಟೇಬಲ್ ಒರೆಸುವ ಹೆಂಗಸು ನೀಲಿ ಬಟ್ಟೆ ಹಿಡಿದು ಬಂದರು. ನಾನು 'ಸಾರಿ ಅಕ್ಕ' ಅಂದೆ, ದನಿ ಅರ್ಧಕ್ಕೇ ನಿಂತಿತು. ಅವರು ಲೋಟ ಎತ್ತಿ, ಕೆಳಗೆ ಒರೆಸಿ, ಲೋಟ ಅಲ್ಲೇ ಇಟ್ಟರು. 'ಬಿಡವ್ವ, ಬೆಳಗಿಂದ ಇದು ಐದ್ನೇದು. ಕೈ ಸುಡ್ತಾ?' ಅಂದರು.

ಕೈ ಸುಟ್ಟಿರಲಿಲ್ಲ. ಅವರು ಆಗಲೇ ಮುಂದಿನ ಟೇಬಲ್ಲಿಗೆ ಹೋಗಿದ್ದರು. ಅವರ ಕೈ ನೋಡಿದೆ. ನೀರಿನಲ್ಲಿ ಇದ್ದೂ ಇದ್ದೂ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ದಿನಾ ಬಂದು ಹೋಗುವ ನಾನು ಅವರ ಮುಖವನ್ನೇ ಅದುವರೆಗೆ ಸರಿಯಾಗಿ ನೋಡಿರಲಿಲ್ಲ. ನನ್ನ ಕಣ್ಣು ಯಾವಾಗಲೂ ನನ್ನ ಕೈಯ ಮೇಲೇ ಇರುತ್ತಿತ್ತು.

ಅವತ್ತು ರಾತ್ರಿ ಆ ಚೀಟಿಯ ಕೆಳಗೆ 'ಇಬ್ಬರು ನೋಡಿದರು, ಯಾರೂ ಬೈಯಲಿಲ್ಲ' ಅಂತ ಬರೆದೆ. ಮತ್ತೆ ಹೀಗಾದರೆ ಎಲ್ಲರೂ ನೋಡುತ್ತಾರೆ ಅನ್ನುವ ಖಾತ್ರಿ ಎಷ್ಟು? ನಲವತ್ತು. ಸೊನ್ನೆಗೆ ಇಳಿಯಲಿಲ್ಲ. ಒಂದು ಲೋಟ ಕಾಫಿಗೆ ಹದಿನೇಳು ವರ್ಷದ್ದು ಹೋಗುವುದಿಲ್ಲ. ಇನ್ನೂ ನಾಲ್ಕು ಸಲ ಚೆಲ್ಲಿದೆ, ಬೇರೆ ಬೇರೆ ದಿನ. ಪ್ರತಿ ಸಲ ಆ ಅಕ್ಕನಿಗೆ ಕೆಲಸ ಜಾಸ್ತಿ ಮಾಡುತ್ತಿದ್ದೇನೆ ಅಂತ ನೋವಾಗುತ್ತಿತ್ತು, ಮೂರನೇ ಸಲದಿಂದ ನಾನೇ ಬಟ್ಟೆ ಕೇಳಿ ಒರೆಸಿದೆ. ಬಟ್ಟೆ ಕೇಳುವುದು ನಮ್ಮ ಏಣಿಯಲ್ಲಿ ಇರಲೇ ಇಲ್ಲ. ಮೇಡಂ ಅದನ್ನೂ ಒಂದು ಮೆಟ್ಟಿಲು ಅಂತ ಸೇರಿಸಿಕೊಂಡರು.

ಇಲ್ಲಿ ನನಗೆ ಹಿಡಿಸದ್ದೂ ಇದೆ. ಕೈ ತೊಳೆಯುವ ಜಾಗದ ಮೇಲೆ ಗೋಡೆಯಗಲದ ಕನ್ನಡಿ. ತಿನ್ನುವಾಗ ಯಾವ ಟೇಬಲ್ಲಿನಲ್ಲಿ ನಿಂತರೂ ನಮ್ಮ ಮುಖ ನಮಗೇ ಕಾಣುತ್ತದೆ. ಜಾಗ ದೊಡ್ಡದಾಗಿ ಕಾಣಲಿ ಅಂತ ಹಾಕಿರಬೇಕು. ಆದರೆ ಗಮನ ಹೊರಗೆ ಇಡಲು ಕಷ್ಟಪಡುತ್ತಿರುವವರಿಗೆ ಅದು ಕ್ಷಣಕ್ಕೊಮ್ಮೆ ಒಳಗೆ ಎಳೆಯುತ್ತದೆ. ಮೊದಲು ಹೋಗುವವರು ಕನ್ನಡಿಗೆ ಬೆನ್ನು ಹಾಕಿ, ದೋಸೆ ಕಲ್ಲಿನ ಕಡೆ ಮುಖ ಮಾಡಿ ನಿಲ್ಲಿ. ಭಟ್ಟರು ಪೊರಕೆಯಲ್ಲಿ ಕಲ್ಲಿಗೆ ನೀರು ಚಿಮುಕಿಸುವುದು, ಚುಂಯ್ ಅನ್ನುವ ಸದ್ದು, ಹಿಟ್ಟು ದುಂಡಗೆ ಹರಡುವುದು. ನಾನು ಉಸಿರು ಬಿಗಿಯಾದಾಗಲೆಲ್ಲ ಅದನ್ನೇ ನೋಡುತ್ತೇನೆ. ಒಂದು ಸುತ್ತು ದೋಸೆ ಆಗುವ ಹೊತ್ತಿಗೆ ಎದೆ ಸ್ವಲ್ಪ ಇಳಿದಿರುತ್ತದೆ.

ಭಾನುವಾರ ಬೆಳಿಗ್ಗೆ ಹೋಗಬೇಡಿ. ಟೇಬಲ್ಲಿಗೆ ಐದು ಜನ, ತಟ್ಟೆಗೆ ತಟ್ಟೆ ತಾಗುತ್ತದೆ. ಕೆಲಸದ ದಿನ ಒಂಬತ್ತರಿಂದ ಹತ್ತು ಒಳ್ಳೆಯದು. ಪೂರ್ತಿ ಖಾಲಿ ಇರುವ ಹೊತ್ತು ಮಧ್ಯಾಹ್ನ ಮೂರು. ಆದರೆ ಖಾಲಿ ಹೊತ್ತಿಗಿಂತ ಹತ್ತು ಹನ್ನೆರಡು ಜನ ಇರುವ ಹೊತ್ತೇ ನನಗೆ ಸುಲಭ. ಖಾಲಿ ಇದ್ದರೆ ಕೌಂಟರಿನ ಹುಡುಗರು ಬಿಡುವಾಗಿ ನಿಂತು ನಮ್ಮನ್ನೇ ನೋಡುತ್ತಾರೆ. ಒಂಟಿ ಹೆಂಗಸರಿಗೆ ಇಲ್ಲಿ ಕಿರಿಕಿರಿ ಆಗಿದ್ದು ನಾನು ಒಮ್ಮೆಯೂ ಕಂಡಿಲ್ಲ, ಅದನ್ನು ಮುಖ್ಯವಾಗಿ ಹೇಳಬೇಕು. ಟಾಯ್ಲೆಟ್ ಇಲ್ಲ. ವಯಸ್ಸಾದವರಿಗೆ ಅಂತ ಎರಡು ಸ್ಟೂಲ್ ಇವೆ, ಕೇಳಿದರೆ ಕೊಡುತ್ತಾರೆ.

ಈಗ ಚಟ್ನಿ. ಹೋದ ತಿಂಗಳು, ಇಪ್ಪತ್ತೊಂದನೇ ತಾರೀಕು. ನಾನು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಇಪ್ಪತ್ತಕ್ಕೆ ಜಿಎಸ್‌ಟಿ ರಿಟರ್ನ್ ಹಾಕಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆಗೆ ಹೋಗಿದ್ದೆ. ಬೆಳಿಗ್ಗೆ ಹಸಿವು ಜೋರಾಗಿತ್ತು. ಇಡ್ಲಿ ವಡೆ, ಸೆಪರೇಟ್. ಒಂದು ಇಡ್ಲಿ ಮುಗಿಯಿತು, ಚಟ್ನಿಯೂ ಮುಗಿಯಿತು. ತಟ್ಟೆ ಎತ್ತಿಕೊಂಡು ಕೌಂಟರಿಗೆ ಹೋದೆ. ಮುಂದೆ ಇಬ್ಬರು ಇದ್ದರು, ಹಿಂದೆ ಒಬ್ಬರು ಬಂದು ನಿಂತರು. ಕಿವಿ ಬಿಸಿಯಾಯಿತು. 'ತಮ್ಮ, ಇನ್ನೊಂಚೂರು ಚಟ್ನಿ' ಅಂದೆ. ಅವನಿಗೆ ಕೇಳಿಸಲಿಲ್ಲ. ನನ್ನ ಹಿಂದಿನವರ ಟೋಕನ್ ತೊಗೊಂಡ. ನಾನು ಹೆದರಿಕೊಂಡಿದ್ದು ಇದಕ್ಕೇ, ಕೇಳಿ ಸಿಗದೆ ಎಲ್ಲರೆದುರು ಖಾಲಿ ತಟ್ಟೆ ಹಿಡಿದು ನಿಲ್ಲುವುದಕ್ಕೆ. ಕಾಲು ವಾಪಸ್ ತಿರುಗುತ್ತಿತ್ತು. ಚಟ್ನಿ ಬಕೆಟ್ಟನ್ನೇ ನೋಡಿದೆ. ಅಂಚಿನಲ್ಲಿ ಕರಿಬೇವಿನ ಎಲೆಯೊಂದು ಅಂಟಿಕೊಂಡಿತ್ತು.

'ಚಟ್ನಿ ಹಾಕಪ್ಪ' ಅಂದೆ. ಈ ಸಲ ನನಗೇ ಜೋರಾಗಿ ಕೇಳಿಸಿತು.

ಅವನು ನನ್ನ ಮುಖ ನೋಡಲಿಲ್ಲ. ಒಂದು ಸೌಟು, ಅದರ ಮೇಲೆ ಇನ್ನೊಂದು ಸೌಟು ಸುರಿದ. ಚಟ್ನಿ ಇಡ್ಲಿಯ ಸುತ್ತ ಹರಿದು ತಟ್ಟೆಯ ಅಂಚಿಗೆ ಬಂತು. ನಡುವಿನ ಟೇಬಲ್ಲಿಗೆ ಬಂದು ಎರಡನೇ ಇಡ್ಲಿಯನ್ನು ಅದರಲ್ಲಿ ಮುಳುಗಿಸಿ ತಿಂದೆ. ಕೈ ನಡುಗುತ್ತಿತ್ತು, ನಡುಗಲಿ ಅಂತ ಬಿಟ್ಟೆ. ವಡೆಯೂ ಮುಗಿಯಿತು. ಚಟ್ನಿ ಇನ್ನೂ ಅರ್ಧ ಉಳಿದಿತ್ತು. ಅಷ್ಟು ಒಳ್ಳೇ ಚಟ್ನಿ ಬಿಡಲು ಮನಸ್ಸಾಗಲಿಲ್ಲ. ತಟ್ಟೆಯನ್ನು ಅಲ್ಲೇ ಬಿಟ್ಟು ಮತ್ತೆ ಕ್ಯಾಶ್ ಹತ್ತಿರ ಹೋದೆ.

'ಹೇಳಿ' ಅಂದರು ಯಜಮಾನರು.

'ಒಂದು ವಡೆ' ಅಂದೆ.